ಅರ್ಧ ಲೀಟರಿನ ಸೊನ್ನೆ

ಕಂತು ಹನ್ನೊಂದು

"ಎರಡೂವರೆ ಹಾಕಿ," ಎಂದಳು ಪ್ರಮೀಳಾ.

ಅರುಣಾ ಕೀಬೋರ್ಡ್ ಒತ್ತಿದರು. ಪರದೆಯ ಮೇಲೆ 2 ಎಂದು ಬಂತು.

"ಮೂರೂವರೆ."

4 ಬಂತು.

"ಇದೇನ್ರೀ ಇದು? ಒಂದ್ಸಲ ಇಳಿಸುತ್ತೆ, ಒಂದ್ಸಲ ಏರಿಸುತ್ತೆ. ಕೆಟ್ಟಿದೆಯಾ?"

"ಕೆಟ್ಟಿಲ್ಲ ಮೇಡಂ. ಹೇಳಿದ ಹಾಗೇ ಕೇಳ್ತಿದೆ," ಎಂದು ಅರುಣಾ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿಕೊಂಡರು. "ಅದಕ್ಕೆ ಏನು ಹೇಳಿದೀನಿ ಅನ್ನೋದು ಪ್ರೋಗ್ರಾಮ್ ಬರೆದವನಿಗೇ ಗೊತ್ತಿಲ್ಲ. ಅಷ್ಟೇ."

ಗುಬ್ಬಿಯ ಆ ಪಾಲಿಟೆಕ್ನಿಕ್‌ನ ಕಂಪ್ಯೂಟರ್ ಲ್ಯಾಬಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಶುಕ್ರವಾರ ಬೆಳಗಿನ ಹನ್ನೊಂದು ಗಂಟೆ. ಕಿಟಕಿಯಾಚೆ ಬಿ.ಎಚ್. ರಸ್ತೆಯಲ್ಲಿ ತಿಪಟೂರು ಕಡೆಯ ಬಸ್ಸೊಂದು ಹಾರ್ನ್ ಬಾರಿಸಿಕೊಂಡು ಹೋಯಿತು. ಮೇಜಿನ ಮೇಲೆ, ಅರಗಿನ ಮುದ್ರೆ ಒಡೆದ ಕಬ್ಬಿಣದ ಡಬ್ಬವೊಂದು ಬಾಯಿ ತೆರೆದುಕೊಂಡು ಕೂತಿತ್ತು. ಆ ಮುದ್ರೆಯನ್ನು ಹನ್ನೊಂದು ತಿಂಗಳ ಹಿಂದೆ ಒತ್ತಿದ್ದವಳು ಪ್ರಮೀಳಾ. ಒತ್ತಿದ ಮೇಲೆ ಒಮ್ಮೆಯೂ ತೆಗೆಸಿ ನೋಡಿರಲಿಲ್ಲ.

ಅಮೃತೂರಿನಾಚೆ ಕಲ್ಲುಬಾವಿಪಾಳ್ಯ ಎಂಬ ಊರಿನಲ್ಲಿ ಟ್ಯಾಂಕಿನ ನೀರು ಕುಡಿದು ಮೂವರು ಸತ್ತಿದ್ದರು. ನೀರುಗಂಟಿ ಮುದ್ದಯ್ಯ ಬೇಕೆಂದೇ ಕ್ಲೋರಿನ್ ಯಂತ್ರ ನಿಲ್ಲಿಸಿದ ಎಂದು ಸರ್ಕಲ್ ಇನ್ಸ್‌ಪೆಕ್ಟರ್ ಪ್ರಮೀಳಾ ಚಾರ್ಜ್‌ಶೀಟ್ ಹಾಕಿದ್ದಳು. ಮೇಜಿನ ಮೇಲಿದ್ದದ್ದು ಆ ಯಂತ್ರದ ಡಬ್ಬ. ಸೋಮವಾರ ಸಾಕ್ಷಿ ವಿಚಾರಣೆ ಶುರು. ಮೊದಲನೇ ಸಾಕ್ಷಿ ಅವಳೇ.

"ನನಗೆ ತಿಳಿಯೋ ಹಾಗೆ ಹೇಳಿ," ಎಂದಳು.

ಅರುಣಾ ಇಪ್ಪತ್ತು ವರ್ಷ ಇದೇ ಹಳೆಯ ಪ್ರೋಗ್ರಾಮಿಂಗ್ ಭಾಷೆಯನ್ನು ಹುಡುಗರಿಗೆ ಕಲಿಸಿದವರು. ಹೊಸ ಭಾಷೆಗಳು ಬಂದ ಮೇಲೆ ಯಾರೂ ಕೇಳುವವರಿಲ್ಲದೆ ಸುಮ್ಮನಾಗಿದ್ದವರು. ಈಗ ಪರದೆಯ ಮೇಲಿನ ಹತ್ತು ಸಾಲುಗಳತ್ತ ಬೆರಳು ಮಾಡಿದರು.

"ದೊಡ್ಡ ಪ್ರೋಗ್ರಾಮ್ ಒಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಪ್ರೊಸೀಜರ್ ಅಂತ ಬರೀತೀವಿ. ಇದರ ಕೆಲಸ ಇಷ್ಟೇ. ಟ್ಯಾಂಕಲ್ಲಿ ಎಷ್ಟು ನೀರಿದೆ ಅಂತ ತಗೊಳ್ಳುತ್ತೆ. ಅದಕ್ಕೆ ಎಷ್ಟು ಲೀಟರ್ ಕ್ಲೋರಿನ್ ದ್ರಾವಣ ಬೇಕು ಅಂತ ಲೆಕ್ಕ ಹಾಕಿ ಉತ್ತರ ವಾಪಸ್ ಕೊಡುತ್ತೆ. ಆ ಉತ್ತರ ನೋಡಿಕೊಂಡು ಪಂಪು ಅಷ್ಟು ಲೀಟರ್ ಸುರಿಯುತ್ತೆ."

"ಸರಿ."

"ಬರೆದವನು ಮೊದಲನೇ ಸಾಲಲ್ಲೇ ಹೇಳಿಬಿಟ್ಟಿದಾನೆ, ಇಲ್ಲಿಂದ ವಾಪಸ್ ಬರೋದು ಪೂರ್ಣಾಂಕ ಅಂತ. ಒಂದು, ಎರಡು, ಮೂರು. ಪಾಯಿಂಟ್ ಇಲ್ಲ."

"ಒಳಗೆ ಪಾಯಿಂಟ್ ಇರೋ ಉತ್ತರ ಬಂದರೆ?"

"ಕೆಲವು ಭಾಷೆಗಳು ಜಗಳಕ್ಕೆ ನಿಲ್ತವೆ. ನೀನು ಹೇಳಿದ್ದೇ ಒಂದು, ಕೊಡ್ತಿರೋದೇ ಒಂದು, ಮೊದಲು ತಿದ್ದು ಅಂತ ಕೆಂಪಕ್ಷರದಲ್ಲಿ ಬೈತವೆ. ಈ ಭಾಷೆ ಬಯ್ಯಲ್ಲ. ಉತ್ತರ ಆಚೆ ಬರೋ ಹೊತ್ತಿಗೆ ತಾನೇ ಪೂರ್ಣಾಂಕ ಮಾಡಿ ಕಳಿಸಿಬಿಡುತ್ತೆ. ಎಲ್ಲೂ ಹೇಳಲ್ಲ, ಎಲ್ಲೂ ಬರೆದಿಡಲ್ಲ."

ಪ್ರಮೀಳಾಳ ಮುಂದೆ ಚಾರ್ಜ್‌ಶೀಟಿನ ಪ್ರತಿ ಇತ್ತು. ನಲವತ್ತೆರಡನೇ ಪುಟ. ಯಂತ್ರ ಕೂರಿಸಿದ್ದ 'ಜಲಸೇತು' ಕಂಪನಿಯ ತಾಂತ್ರಿಕ ವರದಿ. ಅದರ ಒಂದು ಸಾಲಿಗೆ ಅವಳೇ ಕೆಳಗೆರೆ ಎಳೆದಿದ್ದಳು. 'ಅರ್ಧ ಲೀಟರ್ ಅಗತ್ಯವಿದ್ದಾಗಲೂ ಯಂತ್ರವು ಅದನ್ನು ಒಂದು ಲೀಟರ್ ಎಂದೇ ಪರಿಗಣಿಸುವುದರಿಂದ, ಶೂನ್ಯ ದಾಖಲಾಗಿರುವುದು ಮಾನವ ಹಸ್ತಕ್ಷೇಪದಿಂದ ಮಾತ್ರ ಸಾಧ್ಯ.'

"ಅರ್ಧ ಬಂದರೆ ಮೇಲಕ್ಕೆ ತಾನೇ ಏರಿಸೋದು?" ಎಂದಳು. "ನಾವು ಸ್ಕೂಲಲ್ಲಿ ಕಲ್ತಿದ್ದು ಹಾಗೇ."

"ಸ್ಕೂಲಲ್ಲಿ ಹಾಗೆ. ಇಲ್ಲಿ ಹಾಗಲ್ಲ. ಸರಿಯಾಗಿ ಅರ್ಧ ಬಂದಾಗ ಈ ಭಾಷೆ ಹತ್ತಿರದ ಸಮಸಂಖ್ಯೆ ಹುಡುಕುತ್ತೆ. ಎರಡೂವರೆಗೆ ಹತ್ತಿರದ ಸಮಸಂಖ್ಯೆ ಎರಡು. ಮೂರೂವರೆಗೆ ನಾಲ್ಕು. ಯಾವಾಗಲೂ ಮೇಲಕ್ಕೇ ಏರಿಸ್ತಾ ಹೋದರೆ ಸಾವಿರಾರು ಸಂಖ್ಯೆ ಕೂಡೋವಾಗ ಮೊತ್ತ ಉಬ್ಬುತ್ತೆ ನೋಡಿ, ಅದಕ್ಕೆ ಮಾಡಿಟ್ಟ ನಿಯಮ. ಒಳ್ಳೇ ನಿಯಮವೇ. ಇಲ್ಲಿ ಬೇಕಾಗಿರಲಿಲ್ಲ."

ಪ್ರಮೀಳಾ ಕುರ್ಚಿ ಎಳೆದುಕೊಂಡಳು. ಇದನ್ನು ಬೇರೆಯವರ ಕೈಯಲ್ಲಿ ಮಾಡಿಸಲು ಅವಳಿಗೆ ಮನಸ್ಸಾಗಲಿಲ್ಲ. ತಾನೇ ಒಂದೊಂದೇ ಕೀ ಹುಡುಕಿ ಒತ್ತಿದಳು. ಸೊನ್ನೆ, ಪಾಯಿಂಟ್, ಐದು.

ಪರದೆ ತಡಮಾಡಲಿಲ್ಲ.

0

"ಸೊನ್ನೆನೂ ಸಮಸಂಖ್ಯೆನೇ ಮೇಡಂ," ಎಂದರು ಅರುಣಾ, ಮೆಲ್ಲಗೆ.

ಕಲ್ಲುಬಾವಿಪಾಳ್ಯದ ಟ್ಯಾಂಕ್ ಚಿಕ್ಕದು. ತುಂಬಿದರೆ ಒಂದು ಲೀಟರ್ ದ್ರಾವಣ ಸಾಕು. ಕಳೆದ ಬೇಸಿಗೆಯಲ್ಲಿ ಎರಡು ಬೋರ್‌ವೆಲ್‌ಗಳಲ್ಲಿ ಒಂದರ ಮೋಟಾರ್ ಸುಟ್ಟು, ಒಂಬತ್ತು ದಿನ ಟ್ಯಾಂಕ್ ಅರ್ಧಕ್ಕೇ ನಿಂತಿತ್ತು. ಒಂಬತ್ತು ದಿನವೂ ದಾಖಲೆಯಲ್ಲಿ ಸೊನ್ನೆ. ಸಿ.ಎಸ್. ಪುರ ಕಡೆಯ ದೊಡ್ಡ ಟ್ಯಾಂಕುಗಳಿಗೂ ಇದೇ ಯಂತ್ರ ಇತ್ತು. ಅಲ್ಲಿ ಐದೂವರೆ ಬೇಕಾದಾಗ ಆರು ಬಿದ್ದರೆ, ನಾಲ್ಕೂವರೆಗೆ ನಾಲ್ಕು ಬಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುವುದು ಚಿಕ್ಕ ಟ್ಯಾಂಕಿನಲ್ಲಿ ಮಾತ್ರ.

"ಇಷ್ಟನ್ನ ಕಂಡುಹಿಡಿಯೋಕೆ ನಿಮಗೆ ಎಷ್ಟು ಹೊತ್ತು ಬೇಕಾಯ್ತು?" ಎಂದು ಕೇಳಿದಳು ಪ್ರಮೀಳಾ.

ಅರುಣಾ ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು.

"ಹೇಳಿ, ಪರವಾಗಿಲ್ಲ."

"ಮುಕ್ಕಾಲು ಗಂಟೆ."

ಹನ್ನೊಂದು ತಿಂಗಳು ಆ ಡಬ್ಬ ಠಾಣೆಯ ಜಪ್ತಿ ಮಾಲಿನ ಕೋಣೆಯಲ್ಲಿ ಕೂತಿತ್ತು.

*

ಜೀಪು ತುಮಕೂರಿನ ಕಡೆ ಓಡುತ್ತಿದ್ದಾಗ ಪ್ರಮೀಳಾ ಚಾರ್ಜ್‌ಶೀಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಮುದ್ದಯ್ಯನನ್ನು ಹಿಡಿದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಊರವರು ಅವನನ್ನು ಟ್ಯಾಂಕಿನ ಕಂಬಕ್ಕೆ ಕಟ್ಟಿದ್ದರು. ಏಳು ವರ್ಷದ ಪೂಜಾಳನ್ನು ಮಣ್ಣು ಮಾಡಿ ಬಂದ ಜನ. ಒಂದು ಮನೆಯಲ್ಲಿ ಓಬಳಯ್ಯ ಎಂಬ ಮುದುಕನ ಹೆಣ, ಇನ್ನೊಂದರಲ್ಲಿ ಪುಟ್ಟತಾಯಮ್ಮನದು. ಆವತ್ತು ಪ್ರಮೀಳಾ ಹಗ್ಗ ಬಿಚ್ಚಿಸಿ ಅವನ ಜೀವ ಉಳಿಸಿದ್ದಳು. ಅದೊಂದು ಹೆಮ್ಮೆ ಬಹಳ ದಿನ ಅವಳಲ್ಲಿತ್ತು.

ಎಲ್ಲವೂ ಸರಿಯಾಗಿ ಕೂತಿತ್ತು ಆಗ. ಯಂತ್ರ ಬಂದದ್ದರಿಂದ ತನ್ನ ಕೆಲಸ ಹೋಗುತ್ತದೆಂದು ಮುದ್ದಯ್ಯನಿಗೆ ಸಿಟ್ಟು. 'ಈ ಡಬ್ಬ ಏನ್ ಕಿಸಿಯುತ್ತೋ ನೋಡ್ತೀನಿ' ಎಂದು ಟೀ ಅಂಗಡಿಯಲ್ಲಿ ಹೇಳಿದ್ದಕ್ಕೆ ನಾಲ್ಕು ಜನ ಸಾಕ್ಷಿ. ಯಂತ್ರದ ಸ್ವಿಚ್ಚಿನ ಮೇಲೆ ಅವನ ಬೆರಳಚ್ಚು. ಕೊನೆಗೆ ಅವನದೇ ಹೇಳಿಕೆ. 'ಮಿಷಿನ್ ಆಫ್ ಮಾಡಿದ್ದು ನಾನೇ.'

ಆ ಒಂದು ಮಾತಿಗಾಗಿ ಅವಳು ಎರಡು ದಿನ ಅವನೆದುರು ಕೂತಿದ್ದಳು.

ಅವನ ಹೆಂಡತಿ ಗಿರಿಯಮ್ಮ ಆಮೇಲೆ ಪ್ರತಿ ಸೋಮವಾರ ಮೊದಲ ಬಸ್ಸು ಹತ್ತಿ ಬಂದು, ಪ್ರಮೀಳಾಳ ಆಫೀಸಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಒಂದೇ ಮಾತು. "ಇನ್ನೊಂದ್ಸಲ ನೋಡವ್ವ." ಊರವರು ಅವಳ ಮನೆಯ ನಲ್ಲಿಯ ಪೈಪನ್ನು ಕಿತ್ತು ಎಸೆದಿದ್ದರು. ಊರಿಗೆಲ್ಲ ನೀರು ಬಿಟ್ಟವನ ಹೆಂಡತಿ ಮೈಲಿಯಾಚೆಯ ತೋಟದ ಬೋರ್‌ವೆಲ್ಲಿನಿಂದ ಬಿಂದಿಗೆ ಹೊತ್ತು ತರುತ್ತಿದ್ದಳು.

ಇನ್ನೊಂದ್ಸಲ ನೋಡಲು ಪ್ರಮೀಳಾಗೆ ಹತ್ತು ತಿಂಗಳು ಹಿಡಿಯಿತು. ಹೆಚ್ಚಿನ ತನಿಖೆಗೆ ಕೋರ್ಟಿನ ಅನುಮತಿ ಕೇಳಿದಾಗಲೂ, ಏನೂ ಸಿಗುವುದಿಲ್ಲ, ಆ ಹೆಂಗಸಿಗೊಂದು ಉತ್ತರ ಕೊಟ್ಟ ಹಾಗಾಗುತ್ತದೆ ಎಂದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

*

ಅಂಜನ್‌ಕುಮಾರ್‌ನ ಆಫೀಸು ತುಮಕೂರಿನಲ್ಲಿ, ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಎರಡು ಕಂಪ್ಯೂಟರ್, ಒಂದು ಬೀರು, ಗೋಡೆಯಲ್ಲಿ ದೇವರಾಯನದುರ್ಗದ ಬೆಟ್ಟದ ಚಿತ್ರವಿದ್ದ ಕ್ಯಾಲೆಂಡರ್. ಜಲಸೇತು ಕಂಪನಿಗೆ ಪ್ರೋಗ್ರಾಮ್ ಬರೆದುಕೊಟ್ಟವನು ಇವನೇ. ನಲವತ್ತರ ಹತ್ತಿರದ ವಯಸ್ಸು, ಗಡ್ಡ ಬೋಳಿಸಿ ನಾಲ್ಕು ದಿನವಾಗಿತ್ತು.

ಪ್ರಮೀಳಾ ಕೂರಲಿಲ್ಲ. "ನಿಮ್ಮ ವರದಿ ಇನ್ನೊಂದ್ಸಲ ಓದಿ ಹೇಳಿ," ಎಂದು ನಲವತ್ತೆರಡನೇ ಪುಟ ಮುಂದಿಟ್ಟಳು.

"ಅದು ಆಗಲೇ ಕೊಟ್ಟಿದೀನಲ್ಲ ಮೇಡಂ."

"ಓದಿ."

ಅವನು ಓದಿದ. 'ಶೂನ್ಯ ದಾಖಲಾಗಿರುವುದು' ಎಂಬಲ್ಲಿ ಅವನ ಧ್ವನಿ ಇಳಿಯಿತು.

"ಈಗ ಆ ಕಂಪ್ಯೂಟರಲ್ಲಿ ಅರ್ಧ ಹಾಕಿ ತೋರಿಸಿ. ಒಂದು ಬರುತ್ತಾ ನೋಡೋಣ."

ಅಂಜನ್‌ಕುಮಾರ್ ಕೀಬೋರ್ಡಿನ ಕಡೆ ನೋಡಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕೂತ.

"ಹಾಕಿ ಅಂಜನ್‌ಕುಮಾರ್."

"ಹಾಕೋದು ಬೇಡ ಮೇಡಂ," ಎಂದ. "ಸೊನ್ನೆ ಬರುತ್ತೆ."

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಒದ್ದು ಸ್ಟಾರ್ಟ್ ಮಾಡಿದರು. ಪ್ರಮೀಳಾ ಆ ಪುಟವನ್ನು ತನ್ನ ಕಡೆ ಎಳೆದುಕೊಂಡಳು.

"ಯಾವಾಗಿಂದ ಗೊತ್ತು?"

"ಮೊದಲು ಗೊತ್ತಿರ್ಲಿಲ್ಲ. ನಮ್ಮಪ್ಪನಾಣೆ ಗೊತ್ತಿರ್ಲಿಲ್ಲ ಮೇಡಂ." ಅವನು ಮಾತು ಹುಡುಕಿದ. "ನಾನು ಮೊದಲು ಬರೆದಿದ್ದು ಮಿಲಿಲೀಟರಲ್ಲಿ. ಅರ್ಧ ಲೀಟರ್ ಅಂದ್ರೆ ಐನೂರು. ಪೂರ್ಣಾಂಕನೇ ಸಾಕಿತ್ತು, ಪಾಯಿಂಟೇ ಬರ್ತಿರ್ಲಿಲ್ಲ. ಆರು ತಿಂಗಳು ಸರಿಯಾಗಿ ಓಡ್ತು. ಆಮೇಲೆ ಡಬ್ಬದ ಮೇಲಿನ ಡಿಸ್‌ಪ್ಲೇ ಬದಲಾಯಿಸಿದ್ರು. ಹೊಸದರಲ್ಲಿ ಎರಡೇ ಅಂಕಿ ಕಾಣೋದು. ಲೀಟರಲ್ಲಿ ಕೊಡು ಅಂತ ಕೃಷ್ಣಕುಮಾರ್ ಸರ್ ಫೋನ್ ಮಾಡಿದ್ರು."

ಕೃಷ್ಣಕುಮಾರ್ ಜಲಸೇತುವಿನ ಇಂಜಿನಿಯರ್. ಗುಬ್ಬಿ, ಕುಣಿಗಲ್ ಎರಡು ಕಡೆಯ ಟ್ಯಾಂಕುಗಳ ಉಸ್ತುವಾರಿ ಅವನದು.

"ನೀವೇನು ಮಾಡಿದ್ರಿ?"

"ಒಂದು ಸಾಲು ಸೇರಿಸಿದೆ. ಬಂದ ಉತ್ತರಾನ ಸಾವಿರದಿಂದ ಭಾಗಿಸು. ಅಷ್ಟೇ. ಮೇಲೆ ಪೂರ್ಣಾಂಕ ಅಂತ ಇದ್ದಿದ್ದನ್ನ ತಿದ್ದೋದು ಮರೆತೆ. ಮದುವೆ ಮನೇಲಿ ಕೂತು, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಮಾಡಿದ್ದು. ಎರಡು ನಿಮಿಷದ ಕೆಲಸ."

"ಟೆಸ್ಟ್ ಮಾಡಲಿಲ್ವಾ?"

"ಮಾಡ್ದೆ. ತುಂಬಿದ ಟ್ಯಾಂಕ್ ಹಾಕಿ ನೋಡ್ದೆ. ಒಂದು ಬಂತು. ದೊಡ್ಡ ಟ್ಯಾಂಕಿಗೆ ಐದು ಬಂತು. ಸರಿ ಇದೆ ಅಂತ ಕಳಿಸಿಬಿಟ್ಟೆ."

"ಈ ವರದಿ?"

"ಕೃಷ್ಣಕುಮಾರ್ ಸರ್ ಟೈಪ್ ಮಾಡಿಸಿ ತಂದಿದ್ರು. ಅರ್ಧ ಅಂದ್ರೆ ಒಂದು ತಾನೇ ಆಗೋದು ಅಂದ್ರು. ನನಗೂ ಹಾಗೇ ಅನ್ನಿಸ್ತು, ಸೈನ್ ಮಾಡ್ದೆ. ಒಂದು ತಿಂಗಳಾದ ಮೇಲೆ ಬೇರೆ ಯಾವುದೋ ಕೆಲಸ ಮಾಡ್ತಿದ್ದಾಗ ಅನುಮಾನ ಬಂತು. ಅರ್ಧ ಹಾಕಿ ನೋಡ್ದೆ."

ಅವನು ಎದ್ದು ಬೀರು ತೆರೆದು, ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ. ಸಂಖ್ಯೆಗಳ ಪ್ರಿಂಟು. ಒಂದೂವರೆಗೆ ಎರಡು, ಎರಡೂವರೆಗೆ ಎರಡು, ಅರ್ಧಕ್ಕೆ ಸೊನ್ನೆ. ಮೇಲೆ ತಾರೀಖು. ಹತ್ತು ತಿಂಗಳ ಹಿಂದಿನದು. ಮಡಚಿದ ಗೆರೆಗಳು ಸವೆದಿದ್ದವು. ಪದೇ ಪದೇ ತೆಗೆದು ನೋಡಿದ ಹಾಳೆ ಅದು.

ಪ್ರಮೀಳಾಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. "ಹತ್ತು ತಿಂಗಳು! ಒಬ್ಬ ಮನುಷ್ಯ ಜೈಲಲ್ಲಿ ಕೊಳೀತಿದಾನೆ. ಇದನ್ನ ಬೀರುವಿನಲ್ಲಿಟ್ಟು ಊಟ ಮಾಡ್ತಿದ್ರಲ್ರೀ, ಗಂಟಲಲ್ಲಿ ಇಳೀತಿತ್ತಾ?"

"ಎರಡು ಸಲ ಬಂದಿದ್ದೆ ಮೇಡಂ, ನಿಮ್ಮ ಆಫೀಸಿಗೆ." ಅವನ ಕಣ್ಣು ತುಂಬಿತ್ತು. "ಎರಡು ಸಲವೂ ಸೋಮವಾರ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ರು. ಅವರನ್ನ ದಾಟಿಕೊಂಡೇ ಒಳಗೆ ಬರಬೇಕಿತ್ತು. ಮುದ್ದಯ್ಯನ ಹೆಂಡತಿ ಅಂತ ಹೊರಗೆ ಪೇದೆ ಹೇಳಿದ. ದಾಟೋಕೆ ಆಗಲಿಲ್ಲ. ವಾಪಸ್ ಹೋದೆ."

ಬಾರಿಸಬೇಕೆಂದು ಎದ್ದಿದ್ದ ಕೈ ಕೆಳಗಿಳಿಯಿತು. ಅದೇ ಮೆಟ್ಟಿಲನ್ನು ಅವಳು ಪ್ರತಿ ಸೋಮವಾರ ದಾಟಿದ್ದಳು. ಗಿರಿಯಮ್ಮನ ಸೀರೆ ಬೂಟಿಗೆ ತಗಲದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದುಕೊಂಡು.

"ಇದನ್ನೆಲ್ಲ ಬರೆದು ಸೈನ್ ಮಾಡಿ," ಎಂದಳು. "ಸೋಮವಾರ ಕೋರ್ಟಿಗೆ ಬರಬೇಕು."

ಅವನು ಬರೆದ. ತಿದ್ದಿ ತಿದ್ದಿ ಎರಡು ಹಾಳೆ ಹಾಳಾದವು. ಮೂರನೆಯದರಲ್ಲಿ ಸಹಿ ಬಿತ್ತು. ಅವಳು ಅದನ್ನು ಮಡಚುತ್ತಿದ್ದಾಗ ಮೇಜಿನ ಮೇಲೆ ಅವನ ಮೊಬೈಲ್ ನಡುಗಿತು. ಪರದೆಯ ಮೇಲೆ ಕೃಷ್ಣಕುಮಾರ್ ಎಂದು ಹೆಸರು.

"ಬೆಳಗ್ಗಿಂದ ಮೂರು ಸಲ ಮಾಡಿದಾರೆ," ಎಂದ ಅಂಜನ್‌ಕುಮಾರ್. "ನೀವು ಡಬ್ಬಾನ ಗುಬ್ಬಿಗೆ ತಗೊಂಡು ಹೋಗಿದ್ದು ಅವರಿಗೆ ಯಾರೋ ಹೇಳಿದಾರೆ. ಮೊದಲನೇ ಸಲ ಎತ್ತಿದ್ದೆ. ನಿಮ್ಮ ತಪ್ಪು ಒಪ್ಕೊಂಡುಬಿಡಿ, ಎಲ್ಲ ಪ್ರೋಗ್ರಾಮ್‌ದೇ ಅಂದುಬಿಡಿ, ಕೇಸು ಅಲ್ಲಿಗೆ ಮುಗೀಲಿ ಅಂದ್ರು."

"ಹಾಗಂದ್ರಾ?"

"ಹೂಂ. ನನಗೂ ಆಶ್ಚರ್ಯ ಆಯ್ತು."

ಪ್ರಮೀಳಾಗೂ ಆಶ್ಚರ್ಯವಾಯಿತು. ಆದರೆ ಆ ಹೊತ್ತಿನಲ್ಲಿ ಅವಳ ತಲೆ ತುಂಬ ಒಂದೇ ಇತ್ತು, ಮುದ್ದಯ್ಯನಿಗೆ ಹೇಳಬೇಕು. ಕೋರ್ಟು ಹೇಳುವ ಮೊದಲು, ವಕೀಲರು ಹೇಳುವ ಮೊದಲು ತಾನೇ ಹೋಗಿ ಹೇಳಬೇಕು.

"ಆ ಫೋನ್ ಎತ್ತಬೇಡಿ," ಎಂದು ಹೇಳಿ ಮೆಟ್ಟಿಲಿಳಿದಳು.

*

ಜೈಲಿನ ಭೇಟಿ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಕಂಬಿಗಳ ನಡುವೆ ನೆಲಕ್ಕೆ ಬಿದ್ದಿತ್ತು. ಮುದ್ದಯ್ಯ ಬಂದು ಕೈ ಮುಗಿದು ನಿಂತ. ಐವತ್ತನಾಲ್ಕು ವರ್ಷದ ಮನುಷ್ಯ. ಟ್ಯಾಂಕಿನ ಏಣಿ ಹತ್ತಿ ಇಳಿದು ಗಟ್ಟಿಯಾಗಿದ್ದ ಭುಜಗಳು ಈಗ ಇಳಿಬಿದ್ದಿದ್ದವು.

"ಕೂತ್ಕೋ ಮುದ್ದಯ್ಯ."

"ಪರ್ವಾಗಿಲ್ಲ ಬುಡಿ ಅಮ್ಮ."

"ಕೂತ್ಕೋ."

ಅವನು ಬೆಂಚಿನ ತುದಿಯಲ್ಲಿ ಕೂತ. ಪ್ರಮೀಳಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬಂದಳು.

"ಮಿಷಿನ್ನೇ ಸೊನ್ನೆ ಹಾಕಿತ್ತು ಮುದ್ದಯ್ಯ," ಎಂದಳು. "ಅದರೊಳಗಿನ ಲೆಕ್ಕ ತಪ್ಪಿತ್ತು. ಬರೆದವನು ಒಪ್ಪಿಕೊಂಡಿದಾನೆ. ನಿನ್ನದೇನೂ ತಪ್ಪಿಲ್ಲ. ಸೋಮವಾರ ನಾನೇ ಕೋರ್ಟಲ್ಲಿ ಹೇಳ್ತೀನಿ."

ಅವನು ಅತ್ತುಬಿಡುತ್ತಾನೆ ಎಂದುಕೊಂಡಿದ್ದಳು. ಇಲ್ಲವೇ ಕೂಗಾಡುತ್ತಾನೆ. ಎರಡಕ್ಕೂ ಸಿದ್ಧಳಾಗಿ ಬಂದಿದ್ದಳು.

"ಗೊತ್ತು ಅಮ್ಮ," ಎಂದ ಮುದ್ದಯ್ಯ.

"ಏನು ಗೊತ್ತು?"

"ಮಿಷಿನ್ ಸೊನ್ನೆ ಹಾಕ್ತಿದ್ದಿದ್ದು. ನಾಕನೇ ದಿನವೇ ಕಂಡಿದ್ನಲ್ಲ ನಾನು. ಟ್ಯಾಂಕಾಗೆ ಅರ್ಧ ನೀರೈತೆ, ಡಬ್ಬದ ಮ್ಯಾಲೆ ಸೊನ್ನೆ ತೋರಿಸ್ತೈತೆ. ಇದ್ಯಾಕೋ ಸರಿಯಿಲ್ಲ ಅಂತ ಇಂಜಿನಿಯರಪ್ಪಂಗೆ ಫೋನ್ ಮಾಡ್ದೆ. ಅವ್ರು, ಮಿಷಿನ್ ಆಫ್ ಮಾಡು, ರಿಪೇರಿಯವ್ರು ಬರೋಗಂಟ ಕೈಯಾಗೆ ಬ್ಲೀಚಿಂಗ್ ಪುಡಿ ಕರಗ್ಸಿ ಹಾಕು, ಚೀಲ ಕಳಿಸ್ತೀನಿ ಅಂದ್ರು. ಅದ್ಕೇ ಆಫ್ ಮಾಡಿದ್ದು."

ಪ್ರಮೀಳಾಳ ಬೆನ್ನು ನೆಟ್ಟಗಾಯಿತು. "ಪುಡಿ ಹಾಕಿದ್ಯಾ?"

"ಹಾಕ್ದೆ. ದಿನಾ ಬೆಳಗ್ಗೆ ಬಕೀಟಾಗೆ ಕರಗ್ಸಿ, ಏಣಿ ಹತ್ತಿ ಹುಯ್ತಿದ್ದೆ. ಆರು ದಿನ."

"ಅದನ್ನ ಆವತ್ತೇ ಯಾಕೋ ಹೇಳಲಿಲ್ಲ?"

ಮುದ್ದಯ್ಯ ಅವಳ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಹೇಳ್ದೆ ಅಮ್ಮ. ನೀವು ಬರ್ಕಳ್ಳಿಲ್ಲ."

ಅವಳಿಗೆ ಎಲ್ಲ ನೆನಪಾಯಿತು. ಎರಡನೇ ದಿನದ ಸಂಜೆ. ಅವನು ಏನೋ ಉದ್ದಕ್ಕೆ ಹೇಳತೊಡಗಿದ್ದ. ಆಫ್ ಮಾಡ್ದೆ ಅಮ್ಮ, ಯಾಕಂದ್ರೆ... ಅವಳು ಮೇಜು ಕುಟ್ಟಿದ್ದಳು. 'ಕತೆ ಬೇಡ. ಆಫ್ ಮಾಡಿದ್ಯೋ ಇಲ್ವೋ? ಅಷ್ಟು ಹೇಳು.' ಅವನು ಮತ್ತೆ ಬಾಯಿ ತೆರೆದಿದ್ದ. ಅವಳು ಮತ್ತೆ ಕುಟ್ಟಿದ್ದಳು. ಮೂರನೇ ಸಲ ಅವನು, 'ಮಾಡ್ದೆ' ಎಂದಷ್ಟೇ ಹೇಳಿ ತಲೆ ತಗ್ಗಿಸಿದ್ದ. ಅದನ್ನು ಬರೆಸಿಕೊಂಡು, ಕೆಳಗೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಎದ್ದಿದ್ದಳು. ಅವನ ಫೋನ್ ಕರೆಗಳ ಪಟ್ಟಿಯನ್ನೂ ತರಿಸಿರಲಿಲ್ಲ. ಒಪ್ಪಿಕೊಂಡವನದು ಯಾಕೆ ಎಂದು.

ಕ್ಷಮಿಸು ಎನ್ನಲು ಬಾಯಿ ತೆರೆದಳು. ಆ ಪದ ಎಷ್ಟು ಸಣ್ಣದು ಎನ್ನಿಸಿ ನಾಚಿಕೆಯಾಯಿತು.

"ತಪ್ಪು ಮಾಡಿಬಿಟ್ಟೆ ಕಣೋ ಮುದ್ದಯ್ಯ," ಎಂದಳು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಆ ಮಾತನ್ನು ಒಬ್ಬ ಆರೋಪಿಯ ಎದುರು ಅವಳು ಹೇಳಿರಲಿಲ್ಲ.

"ಬುಡಿ ಅಮ್ಮ. ಆವತ್ತು ಹಗ್ಗ ಬಿಚ್ಚಿದ್ದು ನೀವೇಯ." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ನಂಗೆ ನಿದ್ದೆ ಬರಾಕಿಲ್ಲ. ಮಿಷಿನ್ ಹಾಕ್ಲಿ ಬುಡ್ಲಿ, ನಾನ್ ಹುಯ್ದಿದ್ದೆ. ದಿನಾ ಹುಯ್ದಿದ್ದೆ. ಆದ್ರೂ ಆ ಮಗು ಯಾಕಮ್ಮ ಸತ್ತೋಯ್ತು?"

ಪ್ರಮೀಳಾ ಬೆರಳೆಣಿಸಿದಳು. ಮೊದಲ ಮೂರು ದಿನ ಕ್ಲೋರಿನ್ ಇಲ್ಲ. ಯಾರಿಗೂ ಏನೂ ಆಗಲಿಲ್ಲ. ನಾಲ್ಕನೇ ದಿನದಿಂದ ಯಂತ್ರ ಆಫ್, ದಾಖಲೆಯಲ್ಲಿ ಅದಕ್ಕೂ ಬಿದ್ದದ್ದು ಸೊನ್ನೆಯೇ; ಟ್ಯಾಂಕಿಗೆ ಇವನ ಕೈಯ ಪುಡಿ. ವಾಂತಿ ಭೇದಿ ಶುರುವಾದದ್ದು ಎಂಟನೇ ದಿನ. ಒಂಬತ್ತನೇ ದಿನ ಟ್ಯಾಂಕಿನಿಂದ ತೆಗೆದ ನೀರಿನ ಪರೀಕ್ಷೆಯಲ್ಲಿ ಕ್ಲೋರಿನ್ ಹನಿಯಷ್ಟೂ ಇರಲಿಲ್ಲ. ಆವತ್ತೇ ಬೆಳಗ್ಗೆ ಬಕೆಟ್ ತುಂಬ ಸುರಿದ ನೀರಿನಲ್ಲಿ!

ಬೆಳಗಿನಿಂದ ಅವಳು ಹಿಡಿದುಕೊಂಡು ಬಂದಿದ್ದ ಉತ್ತರ ಕೈಜಾರಿತು. ಪ್ರೋಗ್ರಾಮಿನ ತಪ್ಪು ನಿಜ. ಆದರೆ ನಾಲ್ಕನೇ ದಿನದ ಮೇಲೆ ಆ ಟ್ಯಾಂಕು ಪ್ರೋಗ್ರಾಮನ್ನು ನಂಬಿಕೊಂಡಿರಲೇ ಇಲ್ಲ.

"ಮುದ್ದಯ್ಯ, ಆ ಪುಡಿಯ ವಾಸನೆ ಹೇಗಿತ್ತು?"

"ವಾಸ್ನೆನಾ?" ಅವನು ಯೋಚಿಸಿದ. "ವಾಸ್ನೆನೇ ಇರ್ಲಿಲ್ಲ ಕಣಮ್ಮ. ಮುಂಚೆ ಪಂಚಾಯ್ತಿಯಿಂದ ಬತ್ತಿದ್ದ ಪುಡಿ ಮೂಗಿಗೆ ಹೊಡೆಯೋದು, ಕಣ್ಣಾಗೆ ನೀರ್ ಸುರಿಯೋದು. ಇದು ಸುಣ್ಣದ ಪುಡಿ ಇದ್ದಂಗಿತ್ತು. ಕೇಳಿದ್ಕೆ, ಇದು ಹೊಸಾ ತರದ್ದು, ವಾಸ್ನೆ ಬರಾಕಿಲ್ಲ ಅಂದ್ರು."

"ಯಾರು ಅಂದ್ರು?"

"ಇಂಜಿನಿಯರಪ್ಪ. ಕೃಷ್ಣಕುಮಾರಪ್ಪ. ಅವ್ರೇ ಜೀಪಾಗೆ ಹಾಕ್ಕೊಂಡು ಬಂದು ಇಳ್ಸಿದ್ರು, ಎರಡು ಚೀಲ."

ಪ್ರೋಗ್ರಾಮ್‌ದೇ ತಪ್ಪು ಅಂದುಬಿಡಿ, ಕೇಸು ಅಲ್ಲಿಗೆ ಮುಗೀಲಿ. ಬೆಳಗ್ಗೆ ಅವನು ಫೋನಿನಲ್ಲಿ ಹೇಳಿದ ಆ ಮಾತಿನ ಅರ್ಥ ಈಗ ಅವಳಿಗೆ ಹೊಳೆಯಿತು. ಪುಡಿಯೇ ನಕಲಿ. ತಪ್ಪು ಹೊರಿಸಲು ಕೃಷ್ಣಕುಮಾರ್‌ಗೆ ಮೊದಲು ಮುದ್ದಯ್ಯ ಸಾಕಾಗಿದ್ದ. ಈಗ ಅಂಜನ್‌ಕುಮಾರ್ ಸಾಕು.

"ಎರಡೂ ಚೀಲ ಖಾಲಿ ಆಯ್ತಾ?"

"ಒಂದ್ ಆಯ್ತು. ಇನ್ನೊಂದ್ ಹೊಲಿಗೆನೇ ಬಿಚ್ಚಿಲ್ಲ. ಪಂಪ್‌ಹೌಸಾಗೆ ಇಲಿ ಕಾಟ ಅಂತ ನಮ್ಮನೆ ಅಟ್ಟಕ್ಕೆ ಹಾಕಿದ್ದೆ. ಅಲ್ಲೇ ಐತೇನೋ. ಗಿರಿಯಮ್ಮಂಗೆ ಗೊತ್ತು."

ಹೊಲಿಗೆ ಬಿಚ್ಚದ ಚೀಲ. ಹನ್ನೊಂದು ತಿಂಗಳು ಒಂದು ಮನೆಯ ಅಟ್ಟದಲ್ಲಿ. ಆ ಮನೆಯನ್ನು ಶೋಧಿಸಲು ಹೋದವರು ಅವಳ ಪೇದೆಗಳೇ. ಮುದ್ದಯ್ಯನ ಬಟ್ಟೆ, ಫೋನ್, ಟಾರ್ಚು ತಂದಿದ್ದರು. ಅಟ್ಟ ಹತ್ತಿರಲಿಲ್ಲ.

ಪ್ರಮೀಳಾ ಎದ್ದು ಹೊರಗೋಡಿದಳು. ಜೈಲಿನ ಗೇಟಿನ ಬಳಿ ಇಟ್ಟಿದ್ದ ಮೊಬೈಲ್ ಇಸಿದುಕೊಂಡು, ಅಲ್ಲೇ ಬಿಸಿಲಿನಲ್ಲಿ ನಿಂತು ಗಿರಿಯಮ್ಮನ ನಂಬರ್ ಒತ್ತಿದಳು. ಹತ್ತು ತಿಂಗಳ ಹಿಂದೆ ಆ ಹೆಂಗಸು ಚೀಟಿಯಲ್ಲಿ ಬರೆಸಿ ಕೊಟ್ಟಿದ್ದ ನಂಬರ್. ಪ್ರಮೀಳಾ ಅದಕ್ಕೆ ಫೋನ್ ಮಾಡುತ್ತಿದ್ದುದು ಇದೇ ಮೊದಲು.

ಐದಾರು ಸಲ ರಿಂಗಾಯಿತು.

"ಗಿರಿಯಮ್ಮ, ನಾನು ಇನ್ಸ್‌ಪೆಕ್ಟರ್ ಪ್ರಮೀಳಾ. ನಿಮ್ಮ ಅಟ್ಟದ ಮೇಲೆ ಒಂದು ಪುಡಿ ಚೀಲ ಇದೆಯಂತಲ್ಲ, ಅದು ಹಾಗೇ ಇದೆಯಾ?"

"ಐತೆ ಕಣವ್ವ." ಗಿರಿಯಮ್ಮನ ಧ್ವನಿಯಲ್ಲಿ ಎಂದೂ ಇಲ್ಲದ ಒಂದು ಹಿಗ್ಗಿತ್ತು. "ಈಗ್ತಾನೆ ಇಳಿಸ್ತಾವ್ರೆ."

"ಯಾರು ಇಳಿಸ್ತಿದಾರೆ?"

"ಅದೇ, ಇಂಜಿನಿಯರಪ್ಪ ಜೀಪ್ ತಕ್ಕೊಂಡ್ ಬಂದವ್ರಲ್ಲ. ಕೇಸು ಬಗೆಹರೀತು, ನಿನ್ ಗಂಡ ಸೋಮ್ವಾರ ಮನೆಗ್ ಬತ್ತಾನೆ, ಸಾಕ್ಷಿ ಹೇಳಾಕೆ ನೀನೂ ಜೀಪ್ ಹತ್ತು ಅಂತವ್ರೆ." ಹಿಂದೆ ಯಾವುದೋ ಬಾಗಿಲು ಬಡಿದ ಸದ್ದು. "ನಿಮ್ಮನ್ನೇ ನಂಬ್ಕೊಂಡು ಹೊಂಟಿದೀನಿ ಕಣವ್ವ. ಅವ್ರನ್ನ ಕಳ್ಸಿರೋದು ನೀವೇ ಅಂತಲ್ಲ?"